ಕಂಪನಿ ಸಾಮಾನೋ, ಹೊರಗಿನ ಸಾಮಾನೋ? ಟಿವಿಎಸ್ ಅಯ್ಯಂಗಾರರ ಬಸ್ಸಿನ ಕತೆ

ಸ್ಪೋರ್ಟ್ಸ್ ಕಾರು, ರೇಸ್ ಬೈಕು ಎಂದು ಹುಚ್ಚು ಹಚ್ಚಿಕೊಂಡವರನ್ನು ಕಾಡುವ ಪ್ರಶ್ನೆ ಒಂದೇ. ಕಂಪನಿ ಕೊಟ್ಟ ಸೈಲೆನ್ಸರ್ ಸಾಕೋ, ಹೊರಗೆ ಸಿಗುವ ಗುಡುಗುಡು ಸೈಲೆನ್ಸರ್ ಹಾಕಿಸಬೇಕೋ? ಮೆಕ್ಯಾನಿಕ್ ಅಂಗಡಿಯ ಮುಂದೆ ಎಷ್ಟು ಟೀ ಕುಡಿದರೂ ಈ ಚರ್ಚೆ ಮುಗಿಯುವುದಿಲ್ಲ. ಸೈಲೆನ್ಸರ್ ಮಾತು ಹೆಚ್ಚಾಗಿ ಶೋಕಿಯದ್ದು ಬಿಡಿ. ಆದರೆ ಇದೇ ಪ್ರಶ್ನೆ ಸಾವಿರಾರು ಜನರ ಹೊಟ್ಟೆಪಾಡಿನ ಪ್ರಶ್ನೆಯಾಗಿದ್ದ ಕಾಲವೊಂದಿತ್ತು. ಎರಡನೇ ಮಹಾಯುದ್ಧದ ದಿನಗಳಲ್ಲಿ, ಕಂಪನಿ ಮಾಡಿಕೊಟ್ಟ ಹಾಗೆಯೇ ಬಸ್ಸನ್ನು ಇಟ್ಟುಕೊಂಡರೆ ಅದು ಶೆಡ್ಡಿನಿಂದ ಹೊರಗೇ ಬರುವಂತಿರಲಿಲ್ಲ. ಆಗ ಮದುರೈ ಸೀಮೆಯಲ್ಲಿ ಅದಕ್ಕೆ ಉತ್ತರ ಹುಡುಕಿದವರು ಟಿ.ವಿ. ಸುಂದರಂ ಅಯ್ಯಂಗಾರ್. ಟಿವಿಎಸ್ ಎಂಬ ಮೂರಕ್ಷರದ ಹಿಂದಿರುವ ಮನುಷ್ಯ.

ಹುಟ್ಟಿದ್ದು 1877ರ ಮಾರ್ಚ್ 22ರಂದು, ತಿರುನೆಲ್ವೇಲಿ ಜಿಲ್ಲೆಯ ತಿರುಕ್ಕುರುಂಗುಡಿಯಲ್ಲಿ. ಓದಿನ ನಂತರ ವಕೀಲಿ ಮಾಡಿದರು, ರೈಲ್ವೆಯಲ್ಲಿ ಕೆಲಸ ಮಾಡಿದರು, ಬ್ಯಾಂಕಿನಲ್ಲೂ ಇದ್ದರು. ಅಂದಿನ ಬ್ರಾಹ್ಮಣ ಕುಟುಂಬಕ್ಕೆ ಇವೆಲ್ಲ ಮರ್ಯಾದೆಯ ಕೆಲಸಗಳು. ಅದನ್ನು ಬಿಟ್ಟು ಎಣ್ಣೆ, ಮಸಿ, ಗ್ರೀಸಿನ ವ್ಯಾಪಾರಕ್ಕೆ ಕೈಹಾಕಿದಾಗ ಅವರಿಗೆ ಮೂವತ್ತನಾಲ್ಕು ವರ್ಷ. 1911ರಲ್ಲಿ ಟಿ.ವಿ. ಸುಂದರಂ ಅಯ್ಯಂಗಾರ್ ಅಂಡ್ ಸನ್ಸ್ ಆರಂಭವಾಯಿತು. ಮರುವರ್ಷ ಮದುರೈಯಲ್ಲಿ ಬಸ್ ಓಡಿತು. ದಕ್ಷಿಣ ಭಾರತದ ಮೋಟಾರು ಸಾರಿಗೆಯ ಚರಿತ್ರೆ ಬರೆಯುವವರು ಈ ಬಸ್ಸನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಅಂದಿನ ರಸ್ತೆಗಳನ್ನು ನೆನೆಸಿಕೊಳ್ಳಿ. ತೇನಿ, ದಿಂಡಿಗಲ್, ಕಂಬಂ ಕಣಿವೆ ಎಲ್ಲವೂ ಆಗ ಮದುರೈ ಜಿಲ್ಲೆಯೊಳಗೇ ಇದ್ದವು. ದಿಂಡಿಗಲ್ ಬೇರೆ ಜಿಲ್ಲೆಯಾದದ್ದು 1985ರಲ್ಲಿ, ತೇನಿ ಅದಕ್ಕೂ ಹತ್ತಾರು ವರ್ಷ ಈಚೆ. ಡಾಂಬರು ಕಾಣದ ದಾರಿ, ಅದರ ಮೇಲೆ ಸಾಲುಸಾಲು ಎತ್ತಿನ ಗಾಡಿ. ಎತ್ತಿನ ಲಾಳದಿಂದ ಕಳಚಿ ಬಿದ್ದ ಮೊಳೆಗಳು ಬಸ್ಸಿನ ಟಯರಿಗೆ ಯಮನ ಹಾಗೆ ಕಾದಿರುತ್ತಿದ್ದವು. ಅಯ್ಯಂಗಾರರು ಗಾಡಿಯೊಂದಕ್ಕೆ ದೊಡ್ಡ ಅಯಸ್ಕಾಂತ ಕಟ್ಟಿಸಿ ರಸ್ತೆಯ ಮೊಳೆಗಳನ್ನು ಆಯಿಸುತ್ತಿದ್ದರು ಎಂಬ ಮಾತಿದೆ. ಟಯರು ಮಾಡಿದ ಕಂಪನಿ ಇದನ್ನು ಯೋಚಿಸುವ ಪ್ರಮೇಯವೇ ಇರಲಿಲ್ಲ. ಅವರ ಊರಿನ ರಸ್ತೆಯಲ್ಲಿ ಲಾಳದ ಮೊಳೆ ಎಲ್ಲಿತ್ತು?

ಇನ್ನೊಂದು ವಿಷಯ. ಆ ಕಾಲದಲ್ಲಿ ಪೂರ್ತಿ ಕಂಪನಿಯದೇ ಆದ ಬಸ್ಸು ಎಂಬುದೇ ಅಪರೂಪ. ಕಂಪನಿ ಕೊಡುತ್ತಿದ್ದದ್ದು ಚಾಸಿಸ್ ಮತ್ತು ಎಂಜಿನ್. ಅದರ ಮೇಲೆ ಮರದ ಬಾಡಿ ಕಟ್ಟಿ, ಸೀಟು ಹಾಕಿ, ಚಾವಣಿ ಹೊದಿಸುತ್ತಿದ್ದದ್ದು ನಮ್ಮ ಬಡಗಿಗಳು, ಕಮ್ಮಾರರು. ಹಾಗಾಗಿ ಎಲ್ಲಿಯವರೆಗೆ ಕಂಪನಿಯ ಮಾತು ಕೇಳಬೇಕು, ಎಲ್ಲಿಂದ ನಮ್ಮ ಬುದ್ಧಿ ಉಪಯೋಗಿಸಬೇಕು ಎಂಬುದು ಮೊದಲ ದಿನದಿಂದಲೇ ಬಸ್ ಮಾಲೀಕನ ತಲೆನೋವು. ಅಯ್ಯಂಗಾರರ ವಿಶೇಷವೆಂದರೆ ಅವರು ಎರಡೂ ಕಡೆ ನಿಂತವರು. ಒಂದು ಕಡೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಗಾಡಿ ಮತ್ತು ಬಿಡಿಭಾಗಗಳ ಮಾರಾಟಗಾರರು. ಇನ್ನೊಂದು ಕಡೆ ಆ ಗಾಡಿಗಳನ್ನೇ ಹಳ್ಳಿ ರಸ್ತೆಯಲ್ಲಿ ಓಡಿಸಿ ಲಾಭ ನಷ್ಟ ಲೆಕ್ಕ ಹಾಕುವ ಮಾಲೀಕರು. ಅಂಗಡಿಯಲ್ಲಿ ಹೊಗಳಿ ಮಾರಿದ ಸಾಮಾನು ತನ್ನದೇ ಬಸ್ಸಿನಲ್ಲಿ ಕೈಕೊಟ್ಟರೆ ಬೈಯುವುದು ಯಾರನ್ನು?

ಬಸ್ಸುಗಳು ಮುಂದೆ ಸದರ್ನ್ ರೋಡ್‌ವೇಸ್ ಹೆಸರಿನಲ್ಲಿ ಓಡಿದವು. ಟಿವಿಎಸ್ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ಸೀಟು ತುಂಬಿದ ಮೇಲೆ ಹೊರಡುವುದು ರೂಢಿಯಾಗಿದ್ದ ಕಾಲದಲ್ಲಿ, ವೇಳೆ ಆದರೆ ಹೊರಡುವ ಬಸ್ಸು ಜನರಿಗೆ ಹೊಸತು. ಸಮಯಕ್ಕೆ ಓಡಬೇಕಾದರೆ ಗಾಡಿ ನಡುದಾರಿಯಲ್ಲಿ ನಿಲ್ಲಬಾರದು. ಅದಕ್ಕೆ ವರ್ಕ್‌ಶಾಪು ಗಟ್ಟಿಯಿರಬೇಕು, ಬಿಡಿಭಾಗ ಕೈಯಳತೆಯಲ್ಲಿ ಇರಬೇಕು.

ಅಂದಹಾಗೆ, ಅದೇ ಕಾಲದಲ್ಲಿ ಕೊಯಮತ್ತೂರಿನ ಜಿ.ಡಿ. ನಾಯ್ಡು ಕೂಡ 1920ರಲ್ಲಿ ಪೊಳ್ಳಾಚಿ ಪಳನಿ ನಡುವೆ ತಾವೇ ಸ್ಟಿಯರಿಂಗ್ ಹಿಡಿದು ಬಸ್ ಓಡಿಸಿದರು. ಪಳನಿ ಈಗ ದಿಂಡಿಗಲ್ ಜಿಲ್ಲೆಯಲ್ಲಿದೆ. ಕೈಗೆ ಸಿಕ್ಕ ಯಂತ್ರವನ್ನೆಲ್ಲ ಬಿಚ್ಚಿ ನೋಡುವ ಸ್ವಭಾವ ನಾಯ್ಡು ಅವರದು. ಅಯ್ಯಂಗಾರರದು ಬೇರೆ ಜಾತಕ. ಬಿಚ್ಚಲೇಬೇಕಾದ ಕಾರಣ ಬಂದಾಗಷ್ಟೇ ಬಿಚ್ಚಿದವರು ಅವರು.

ಆ ಕಾರಣ ಯುದ್ಧದ ರೂಪದಲ್ಲಿ ಬಂತು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಕಂಬಂ ಕಣಿವೆಗೆ ಪೆಟ್ಟು ಇನ್ನೂ ಜೋರು. 1928ರಿಂದ ಮದುರೈ ಬೋಡಿನಾಯಕನೂರು ನಡುವೆ ಮೀಟರ್ ಗೇಜ್ ರೈಲು ಓಡುತ್ತಿತ್ತು. ಯುದ್ಧಕ್ಕೆ ಕಬ್ಬಿಣ ಬೇಕೆಂದು ಆ ಹಳಿಗಳನ್ನೇ ಕಿತ್ತುಕೊಂಡು ಹೋದರು. ಮತ್ತೆ ಹಳಿ ಬಿದ್ದು ರೈಲು ಬಂದದ್ದು 1950ರ ದಶಕದಲ್ಲಿ. ಅಂದರೆ ನಡುವಿನ ಅಷ್ಟೂ ವರ್ಷ ಏಲಕ್ಕಿ ಮೂಟೆಗಾಗಲಿ, ಆಸ್ಪತ್ರೆಗೆ ಹೊರಟ ರೋಗಿಗಾಗಲಿ ರಸ್ತೆಯೇ ಗತಿ. ರಸ್ತೆಗೆ ಪೆಟ್ರೋಲ್ ಇಲ್ಲ.

ಆಗ ಅಯ್ಯಂಗಾರರು ರೂಪಿಸಿ ತಯಾರಿಸಿದ್ದು ಟಿವಿಎಸ್ ಗ್ಯಾಸ್ ಪ್ಲಾಂಟ್. ಗ್ಯಾಸ್ ಎಂದರೆ ಅಡುಗೆ ಮನೆಯ ಸಿಲಿಂಡರ್ ಅಲ್ಲ, ಇದ್ದಿಲ ಗ್ಯಾಸು. ಗಾಡಿಗೆ ತಗುಲಿಸಿದ ಕಬ್ಬಿಣದ ಡ್ರಮ್ಮಿನಲ್ಲಿ ಇದ್ದಿಲು ತುಂಬಿ ಬೆಂಕಿ ಕೊಟ್ಟು, ಗಾಳಿಯನ್ನು ಬೇಕೆಂದೇ ಕಡಿಮೆ ಬಿಡಬೇಕು. ಆಗ ಇದ್ದಿಲು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯುವ ಅನಿಲ ಕೊಡುತ್ತದೆ. ಅದನ್ನು ಕೊಳವೆಗಳಲ್ಲಿ ಹಾಯಿಸಿ ತಣಿಸಿ, ಬೂದಿ ಸೋಸಿ, ಗಾಳಿ ಬೆರೆಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಕೆಲಸ ಇದೇ ಮಾಡುತ್ತದೆ. ಯುರೋಪಿನಲ್ಲೂ ಯುದ್ಧಕಾಲದಲ್ಲಿ ಲಕ್ಷಾಂತರ ಗಾಡಿಗಳು ಹೀಗೇ ಓಡಿದವು. ಯಾವ ಪೆಟ್ರೋಲ್ ಬಸ್ಸನ್ನೂ ಕಂಪನಿ ಈ ಲೆಕ್ಕದಲ್ಲಿ ಮಾಡಿರಲಿಲ್ಲ. ಪೂರ್ತಿ ಹೊರಗಿನ ಸಾಮಾನು!

ಇದು ಪುಕ್ಕಟೆ ವರವೇನಲ್ಲ. ಇದ್ದಿಲ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಯದ ಸಾರಜನಕ, ಉರಿಯುವ ಕಾರ್ಬನ್ ಮಾನಾಕ್ಸೈಡ್ ಶೇ. 30ರ ಆಸುಪಾಸು. ಹಾಗಾಗಿ ಪೆಟ್ರೋಲ್ ಎಂಜಿನ್ನನ್ನು ಇದ್ದ ಹಾಗೆಯೇ ಗ್ಯಾಸಿಗೆ ತಿರುಗಿಸಿದರೆ ಶಕ್ತಿಯಲ್ಲಿ ಶೇ. 40ರಷ್ಟು ಖೋತಾ. ಸಪಾಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಏರು ಸಿಕ್ಕಿದರೆ ಮೊದಲ ಗೇರಿನಲ್ಲಿ ಏದುಸಿರು. ಈ ಗ್ಯಾಸು ನಿಧಾನವಾಗಿ ಉರಿಯುವುದರಿಂದ ಕಿಡಿ ಬೀಳುವ ಸಮಯವನ್ನೂ ಮುಂದಕ್ಕೆ ತರಬೇಕು. ಹೊರಡುವ ಮುಂಚೆ ಬೆಂಕಿ ಹಚ್ಚಿ ಗ್ಯಾಸ್ ಏಳುವವರೆಗೆ ಕಾಯಬೇಕು, ಬೂದಿ ತೆಗೆಯಬೇಕು, ಫಿಲ್ಟರ್ ಒದರಬೇಕು. ಫಿಲ್ಟರ್ ಮರೆತರೆ ಬೂದಿ ಒಳಗೆ ಹೋಗಿ ಸಿಲಿಂಡರನ್ನು ಸವೆಸುತ್ತದೆ. ಕೊಳವೆ ಸೋರಿದರೆ ವಾಸನೆಯೇ ಇಲ್ಲದ ವಿಷ ಗಾಳಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಹಚ್ಚಿ ಕೂತರೆ ಪ್ರಾಣಕ್ಕೇ ಸಂಚಕಾರ.

ಇಷ್ಟೆಲ್ಲ ಕಾಟ ಸಹಿಸಿದ್ದು ಯಾಕೆಂದರೆ ಪಕ್ಕದಲ್ಲಿ ಇಟ್ಟು ತೂಗಲು ಬೇರೆ ಬಸ್ಸೇ ಇರಲಿಲ್ಲ. ಪೆಟ್ರೋಲ್ ಗಾಡಿ ಚೆನ್ನಾಗಿ ಓಡುತ್ತದೆ ನಿಜ, ಪೆಟ್ರೋಲ್ ಇದ್ದರೆ. ಇದ್ದಿಲು ನಮ್ಮ ಕಾಡಂಚಿನಲ್ಲೇ ಸಿಗುತ್ತದೆ.

ಇಲ್ಲಿ ಸೈಲೆನ್ಸರ್ ಮಾತಿಗೆ ಒಂದು ಕ್ಷಣ ಹಿಂತಿರುಗಬೇಕು. ಎಂಜಿನ್ ಎಂಬುದು ಉಸಿರಾಡುವ ಯಂತ್ರ. ಗ್ಯಾಸ್ ಪ್ಲಾಂಟ್ ಬದಲಿಸಿದ್ದು ಒಳಗೆಳೆಯುವ ಉಸಿರನ್ನು, ಸೈಲೆನ್ಸರ್ ಬದಲಿಸುವುದು ಹೊರಬಿಡುವ ಉಸಿರನ್ನು. ಎರಡರಲ್ಲೂ ಒಂದು ತುದಿ ಮುಟ್ಟಿದರೆ ಉಳಿದದ್ದನ್ನೂ ಹೊಂದಿಸಬೇಕು. ಕಾರಿನ ಕಂಪನಿ ಸೈಲೆನ್ಸರ್ ಮಾಡುವಾಗ ಸದ್ದು, ಹೊಗೆ, ಮೈಲೇಜು, ಬಾಳಿಕೆ ಎಲ್ಲವನ್ನೂ ಒಟ್ಟಿಗೆ ತೂಗಿರುತ್ತದೆ. ಹೊರಗಿನ ಸ್ಟೀಲ್ ಸೈಲೆನ್ಸರ್ ಹಗುರ, ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ, ರೇಸ್ ಟ್ರ್ಯಾಕಿನಲ್ಲಿ ಅದರ ಲಾಭವೂ ಉಂಟು. ಆದರೆ ಅದಕ್ಕೆ ತಕ್ಕಂತೆ ಇಂಧನದ ಲೆಕ್ಕ ಹೊಂದಿಸದೆ ಬರೀ ಕೊಳವೆ ಬದಲಿಸಿದರೆ ಬರುವುದು ಹೆಚ್ಚಾಗಿ ಸದ್ದು ಮಾತ್ರ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತರಂತೂ ಅದೇ ಕಾರ್ಬನ್ ಮಾನಾಕ್ಸೈಡ್ ಬೀದಿಗೆ ಬೀಳುತ್ತದೆ. ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 1989ರ ಕೇಂದ್ರ ನಿಯಮಗಳ 120ನೇ ನಿಯಮ ಸದ್ದಡಗಿಸುವ ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ.

ಮತ್ತೆ ಯುದ್ಧಕಾಲಕ್ಕೆ ಬರೋಣ. ಮಲಯಾ ಕೈತಪ್ಪಿದ ಮೇಲೆ ಪೆಟ್ರೋಲಿನಂತೆ ರಬ್ಬರಿಗೂ ಬರ. ಕುಮಿಳಿ ದಾಟಿ ಮುಂಡಕಯಂ ಕಡೆ ಇಳಿದರೆ ರಬ್ಬರ್ ತೋಟಗಳು ಇದ್ದವು, ಆದರೆ ಅದು ಎಲ್ಲಿಗೆ ಸಾಲಬೇಕು? ಹೊಸ ಟಯರ್ ಕನಸಾದಾಗ ಸವೆದ ಟಯರಿಗೆ ಹೊಸ ಪಟ್ಟಿ ಕೂರಿಸಿ ಮತ್ತೆ ಓಡಿಸುವ ರೀಟ್ರೆಡಿಂಗ್ ಎಂಥ ಆಸರೆ ಎಂದು ಬಸ್ಸಿನವರಿಗೆ ಗೊತ್ತು. ಅಯ್ಯಂಗಾರರು ಅದಕ್ಕೂ ಕಾರ್ಖಾನೆ ಹಾಕಿದರು. ಮದ್ರಾಸ್ ಆಟೋ ಸರ್ವಿಸ್, ಸುಂದರಂ ಮೋಟಾರ್ಸ್ ಸಂಸ್ಥೆಗಳನ್ನೂ ಕಟ್ಟಿದರು. 1950ರ ದಶಕದಲ್ಲಿ ಸುಂದರಂ ಮೋಟಾರ್ಸ್ ಜನರಲ್ ಮೋಟಾರ್ಸಿನ ಅತಿ ದೊಡ್ಡ ವಿತರಕ ಎನಿಸಿತು. ಕಂಪನಿ ಗಾಡಿಗೆ ಇದ್ದಿಲ ಡ್ರಮ್ ಕಟ್ಟಿದ ಮನೆಯೇ ಕಂಪನಿ ಸಾಮಾನು ಮಾರುವುದರಲ್ಲೂ ಮುಂದೆ! ವಿರೋಧಾಭಾಸ ಅನ್ನಿಸಬಹುದು. ಬಸ್ ಓಡಬೇಕೆಂಬ ಹಟ ಇದ್ದವನಿಗೆ ಅನ್ನಿಸಲಾರದು.

ಮನೆಯೊಳಗೆ ಮಾತ್ರ ಅವರು ಹಳೆಯ ಕಟ್ಟುಪಾಡಿನವರೇ. ಮಗಳು ಸೌಂದರಂಗೆ ಬಾಲ್ಯದಲ್ಲೇ ಮದುವೆಯಾಯಿತು. ವೈದ್ಯನಾಗಿದ್ದ ಅಳಿಯ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ವಿಧವೆಯನ್ನು ಮೂಲೆಗೆ ಕೂರಿಸುವ ಕಾಲದಲ್ಲಿ ಸೌಂದರಂ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ 1936ರಲ್ಲಿ ಡಾಕ್ಟರ್ ಆದರು. ಅಲ್ಲಿಯವರೆಗೆ ಸರಿ. ಆದರೆ ಆಕೆ ಗಾಂಧೀವಾದಿ ಜಿ. ರಾಮಚಂದ್ರನ್ ಅವರನ್ನು ಮದುವೆಯಾಗುತ್ತೇನೆಂದಾಗ ಹೆತ್ತವರು ಒಪ್ಪಲಿಲ್ಲ. ಜಾತಿ ಬೇರೆ, ಭಾಷೆ ಬೇರೆ, ಮೇಲೆ ವಿಧವಾ ವಿವಾಹ. 1940ರಲ್ಲಿ ಗಾಂಧೀಜಿಯ ಆಶೀರ್ವಾದದಲ್ಲಿ ಮದುವೆ ನಡೆದೇಹೋಯಿತು. 1947ರಲ್ಲಿ ದಂಪತಿ ದಿಂಡಿಗಲ್ ಹತ್ತಿರ ಚಿನ್ನಾಳಪಟ್ಟಿಯ ಬಳಿ ಗಾಂಧಿಗ್ರಾಮ ಕಟ್ಟಿದರು. ಈ ಸೀಮೆಯ ಎಷ್ಟೋ ಮನೆಗಳಿಗೆ ಟಿವಿಎಸ್ ಅಯ್ಯಂಗಾರರಿಗಿಂತ ಆಸ್ಪತ್ರೆಯ ಸೌಂದರಮ್ಮನವರೇ ಹತ್ತಿರದವರು.

ಯುದ್ಧ ಮುಗಿಯಿತು, ಪೆಟ್ರೋಲ್ ಬಂತು, ಇದ್ದಿಲ ಡ್ರಮ್ಮುಗಳು ಗುಜರಿ ಸೇರಿದವು. ಅದನ್ನು ಶೋಕಿಗೆ ಉಳಿಸಿಕೊಂಡವರು ಯಾರೂ ಇಲ್ಲ. ಅಯ್ಯಂಗಾರರು ವ್ಯವಹಾರವನ್ನು ಮಕ್ಕಳ ಕೈಗೆ ಕೊಟ್ಟು ಹಿಂದೆ ಸರಿದರು. 1955ರ ಏಪ್ರಿಲ್ 28ರಂದು ಕೊಡೈಕನಾಲಿನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಅವರಿಗೆ 78 ವರ್ಷವಾಗಿತ್ತು.

ಮದುರೈಯ ಟಿವಿಎಸ್ ಬಸ್ಸುಗಳನ್ನು 1972ರಲ್ಲಿ ಸರಕಾರ ವಹಿಸಿಕೊಂಡಿತು, ಅವು ಪಾಂಡಿಯನ್ ಸಾರಿಗೆ ನಿಗಮದ ಬಸ್ಸುಗಳಾದವು. ಮಕ್ಕಳು ಮೊಮ್ಮಕ್ಕಳು ಅಷ್ಟರಲ್ಲಿ ಬಿಡಿಭಾಗಗಳ ತಯಾರಿಕೆಗೆ ಇಳಿದಿದ್ದರು. ವೀಲ್ಸ್ ಇಂಡಿಯಾ, ಬ್ರೇಕ್ಸ್ ಇಂಡಿಯಾ, ಲ್ಯೂಕಾಸ್ ಟಿವಿಎಸ್ ಎಲ್ಲ 1960ರ ದಶಕದ ಆರಂಭದವು. ಬೇರೆಯವರ ಗಾಡಿಗೆ ಕಂಪನಿ ಸಾಮಾನು ಎನಿಸಿಕೊಂಡು ಹೋಗುವ ಚಕ್ರ, ಬ್ರೇಕು ಇವರ ಕಾರ್ಖಾನೆಯಿಂದಲೇ ಹೊರಬಿದ್ದವು.

1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಮೊಪೆಡ್ ಬಂತು. ತಮಿಳು, ಕನ್ನಡ, ತೆಲುಗು ಮೂರೂ ಕೇಳುವ ಆ ಗಡಿ ಊರಿನ ಗಾಡಿ ಕಂಬಂ ಕಣಿವೆಯ ತೋಟದ ದಾರಿಗಳಿಗೆ ಹೇಳಿ ಮಾಡಿಸಿದಂತಿತ್ತು. ಹಾಲಿನ ಕ್ಯಾನು, ಬಾಳೆಗೊನೆ, ಮಡದಿ, ಮಗು, ಎಲ್ಲ ಒಂದರ ಮೇಲೇ. ಅದು ಟು ಸ್ಟ್ರೋಕ್ ಎಂಜಿನ್. ಅಂಥ ಎಂಜಿನ್ನಿನಲ್ಲಿ ಸೈಲೆನ್ಸರ್ ಸದ್ದಡಗಿಸುವ ಡಬ್ಬಿಯಷ್ಟೇ ಅಲ್ಲ. ಅದರೊಳಗಿನ ಒತ್ತಡವೇ ಹೊರಗೆ ಹಾರಿಹೋಗುವ ಹೊಸ ಪೆಟ್ರೋಲ್ ಗಾಳಿಯನ್ನು ಮತ್ತೆ ಒಳಗೆ ತಳ್ಳುತ್ತದೆ. ಕರಿ ಕಟ್ಟಿ ಗಾಡಿ ಎಳೆಯದಾದಾಗ ತಿಳಿದ ಮೆಕ್ಯಾನಿಕ್‌ಗಳು ಸೈಲೆನ್ಸರ್ ಬಿಚ್ಚಿ, ಬೆಂಕಿಯಲ್ಲಿ ಕಾಯಿಸಿ, ಕರಿ ಉದುರಿಸಿ, ಅದನ್ನೇ ಮತ್ತೆ ಹಾಕುತ್ತಿದ್ದರು. ಸದ್ದಿನ ಆಸೆಗೆ ಒಳಗಿನ ಪೈಪು ಕಿತ್ತೆಸೆದವರ ಗಾಡಿ ಹುಲ್ಲಿನ ಹೊರೆ ಹೊತ್ತು ಏರಿಗೆ ಬಂದಾಗ ಭರ್ಜರಿ ಕೂಗುತ್ತಿತ್ತು, ಮೇಲೆ ಮಾತ್ರ ಹತ್ತುತ್ತಿರಲಿಲ್ಲ. ಇಳಿದು ತಳ್ಳಬೇಕಾಗುತ್ತಿತ್ತು.