ದೆವ್ವಗಳಿಗೂ ಲೆಕ್ಕವಿಟ್ಟ ನಿರ್ದೇಶಕ

ಕನ್ನಡ ಚಿತ್ರರಂಗದ ಚರಿತ್ರೆ ಬರೆಯುವವರು ಬಿ. ವಿಠಲಾಚಾರ್ಯರನ್ನು ಒಂದೆರಡು ಸಾಲುಗಳಲ್ಲಿ ದಾಟಿಬಿಡುತ್ತಾರೆ. ತೆಲುಗರಿಗೆ ಮಾತ್ರ ಅವರು ಜಾನಪದ ಬ್ರಹ್ಮ. 1920ರಲ್ಲಿ ಉಡುಪಿ ಸಮೀಪದ ಉದ್ಯಾವರದಲ್ಲಿ ಹುಟ್ಟಿದ ಆಚಾರ್ಯರಿಗೆ ಶಾಲೆಯ ಓದು ಹೆಚ್ಚು ದಕ್ಕಲಿಲ್ಲ. ಬಾಲ್ಯದಲ್ಲೇ ಮನೆ ಬಿಟ್ಟು ಅರಸೀಕೆರೆ ಸೇರಿ, ಹೋಟೆಲು ನಡೆಸಿ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆವಾಸವನ್ನೂ ಕಂಡರು. ಆಮೇಲೆ ಟೂರಿಂಗ್ ಟಾಕೀಸಿಗೆ ಕೈಹಾಕಿದರು. ನೆಲದ ಮೇಲೆ ಕುಳಿತ ಪ್ರೇಕ್ಷಕ ಯಾವಾಗ ಆಕಳಿಸುತ್ತಾನೆ, ಯಾವಾಗ ಶಿಳ್ಳೆ ಹಾಕುತ್ತಾನೆ ಎಂಬುದನ್ನು ಅವರು ಕಲಿತದ್ದು ಆ ಟೆಂಟಿನಲ್ಲೇ ಇರಬೇಕು.

ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿ ಡಿ. ಶಂಕರ್ ಸಿಂಗ್ ಅವರೊಂದಿಗೆ ಪಾಲುದಾರರಾಗಿದ್ದ ಆಚಾರ್ಯರು ಬಳಿಕ ಸ್ವಂತ ಸಂಸ್ಥೆ ಕಟ್ಟಿ, 1954ರಲ್ಲಿ 'ಕನ್ಯಾದಾನ' ತೆಗೆದರು. ಮದರಾಸಿಗೆ ನೆಲೆ ಬದಲಿಸಿದ ಮೇಲೆ ತೆಲುಗು ಅವರ ಕ್ಷೇತ್ರವಾಯಿತು. 'ಬಂದಿಪೋಟು' (1963), 'ಅಗ್ಗಿ ಪಿಡುಗು' (1964) ಎನ್.ಟಿ. ರಾಮರಾವ್ ಅಭಿನಯದ ಜನಪ್ರಿಯ ಚಿತ್ರಗಳು.

ಅವರ ಮಾಯಾಲೋಕದ ಹಿಂದೆ ಕಟ್ಟುನಿಟ್ಟಿನ ಜಮಾಖರ್ಚಿತ್ತು. ಬಜೆಟ್ಟು ಕಡಿಮೆ, ಚಿತ್ರೀಕರಣ ಚುರುಕು. ನಟನೊಬ್ಬ ಕಾಲ್‌ಶೀಟಿಗೆ ಸತಾಯಿಸಿದರೆ ಅವನ ಪಾತ್ರವನ್ನು ಶಾಪದ ನೆಪದಲ್ಲಿ ಗಿಳಿಯನ್ನಾಗಿಯೋ ನಾಯಿಯನ್ನಾಗಿಯೋ ಮಾಡಿ ಕಥೆ ಮುಂದುವರಿಸುತ್ತಿದ್ದರೆಂಬ ಪ್ರತೀತಿ ಚಿತ್ರರಂಗದಲ್ಲಿ ಇಂದಿಗೂ ಉಳಿದಿದೆ. ಅರ್ಥಶಾಸ್ತ್ರ ಓದಿದ ನನಗೆ ಇದಕ್ಕಿಂತ ಸೊಗಸಾದ ವೆಚ್ಚನಿಯಂತ್ರಣ ಕಾಣಲಿಲ್ಲ!

1978ರ 'ಜಗನ್ಮೋಹಿನಿ' ಅವರ ಅತಿ ದೊಡ್ಡ ಗೆಲುವುಗಳಲ್ಲೊಂದು. ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗಿಟ್ಟು ಅಡುಗೆ ಮಾಡುವ ಮೋಹಿನಿಯನ್ನು ಕಂಡವರು ಮರೆತಿಲ್ಲ. ಜಯಮಾಲಿನಿಯ ಅರೆಬರೆ ಉಡುಪನ್ನೂ ಮರೆತಿಲ್ಲ. ಕೀಳು ಅಭಿರುಚಿ ಎಂಬ ಆಕ್ಷೇಪ ನಿರಾಧಾರವಲ್ಲ. ಹೆಣ್ಣಿನ ಮೈಯನ್ನೂ ಅವರು ಬಂಡವಾಳದ ಬಾಬ್ತಿಗೇ ಸೇರಿಸಿದ್ದರು. ಆದರೆ ದಿನಗೂಲಿಯಲ್ಲಿ ಟಿಕೆಟ್ಟಿಗಷ್ಟು ಉಳಿಸಿ ಬರುತ್ತಿದ್ದವನನ್ನು ಅವರು ಎಂದೂ ಹಗುರಾಗಿ ಕಂಡವರಲ್ಲ.

ಆ ಪ್ರೇಕ್ಷಕ ನಮ್ಮ ಸೀಮೆಯಲ್ಲೂ ಇದ್ದ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಗುಲ್ಬರ್ಗ ಜಿಲ್ಲೆ ತೆಲುಗು ಚಿತ್ರಗಳ ಹಂಚಿಕೆಯಲ್ಲಿ ಆನಂತರವೂ ನೈಜಾಂ ವಲಯಕ್ಕೇ ಸೇರಿತ್ತು. ರಾಜ್ಯಗಳ ಗಡಿ ಬದಲಾದರೂ ರೀಲಿನ ಡಬ್ಬಿಗಳ ಹಾದಿ ಬದಲಾಗಲಿಲ್ಲ. ಕನ್ನಡ, ದಖ್ಖನಿ, ಮರಾಠಿ ಬೆರೆತ ಆಳಂದ, ಅಫಜಲಪುರ, ಜೇವರ್ಗಿಯಂಥ ಊರುಗಳಲ್ಲಿ ಆಚಾರ್ಯರ ದೆವ್ವಗಳನ್ನು ನೋಡಲು ತೆಲುಗು ಬರಲೇಬೇಕೆಂದಿರಲಿಲ್ಲ. ಉರಿಯುವ ಕಾಲಿಗೆ ಅನುವಾದ ಯಾಕೆ ಬೇಕು?

1999ರ ಮೇ 28ರಂದು ಅವರು ಚೆನ್ನೈಯಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ ಅದೇ 'ಜಗನ್ಮೋಹಿನಿ' ತಮಿಳಿನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನೊಂದಿಗೆ ಮತ್ತೆ ತಯಾರಾಯಿತು. ಅದು ಮೂಲದಂತೆ ಓಡಲಿಲ್ಲ.