ಇಂಟರಪ್ಟ್‌ಗೆ ಹೆದರಿದ್ದ ಡೈಕ್‌ಸ್ಟ್ರಾ

ಡೈಕ್‌ಸ್ಟ್ರಾ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಶಾರ್ಟೆಸ್ಟ್ ಪಾತ್ ಅಲ್ಗಾರಿದಮ್. ಆದರೆ ನಮ್ಮ ಮೈಕ್ರೋಕಂಟ್ರೋಲರ್ ಲ್ಯಾಬಿಗೂ ಅವರಿಗೂ ಅದಕ್ಕಿಂತ ಹತ್ತಿರದ ನಂಟಿದೆ.

ಎಡ್ಸ್‌ಗರ್ ಡೈಕ್‌ಸ್ಟ್ರಾ ಹುಟ್ಟಿದ್ದು 1930ರಲ್ಲಿ, ನೆದರ್ಲೆಂಡ್ಸಿನ ರೋಟರ್‌ಡ್ಯಾಮ್‌ನಲ್ಲಿ. ಲೈಡನ್‌ನಲ್ಲಿ ಭೌತಶಾಸ್ತ್ರ ಓದುತ್ತಲೇ 1952ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರಕ್ಕೆ ಪ್ರೋಗ್ರಾಮರ್ ಆಗಿ ಸೇರಿದರು. 1957ರಲ್ಲಿ ಮದುವೆ ನೋಂದಣಿಗೆ ಹೋದಾಗ ಅಂಥದ್ದೊಂದು ಉದ್ಯೋಗವೇ ಇಲ್ಲ ಅಂತ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಭೌತವಿಜ್ಞಾನಿ ಅಂತ ಬರೆಸಬೇಕಾಯ್ತು!

ಸುಮಾರು ಅದೇ ಹೊತ್ತಿಗೆ ಸಹೋದ್ಯೋಗಿಗಳಾದ ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟೆನ್, ತಾವು ರೂಪಿಸುತ್ತಿದ್ದ ಎಕ್ಸ್1 ಕಂಪ್ಯೂಟರಿಗೆ ಇಂಟರಪ್ಟ್ ಸೇರಿಸೋಣ ಅಂದರು. ಡೈಕ್‌ಸ್ಟ್ರಾ ಗಾಬರಿಯಾದರು. ಯಾವ ಕ್ಷಣದಲ್ಲಿ ಬೇಕಾದರೂ ನುಗ್ಗುವ ಕೋಡಿನಲ್ಲಿ ತಪ್ಪಿದ್ದರೆ ಅದನ್ನು ಹಿಡಿಯೋದು ಹೇಗೆ? ಇನ್ನೊಂದು ಸಲ ಓಡಿಸಿದರೆ ಅದು ಕಾಣಿಸದೇ ಹೋಗಬಹುದು. ಮೂರು ತಿಂಗಳು ನಿರ್ಧಾರ ಮುಂದೂಡಿದರು. ಅವರಿಬ್ಬರೂ ಹೊಗಳಿ ಹೊಗಳಿ ಒಪ್ಪಿಸಿದರು.

ಒಪ್ಪಿದ ಮೇಲೆ ಅವರು ಹಿಡಿದದ್ದು ಒಂದೇ ಪ್ರಶ್ನೆ: ಏನೇನು ಉಳಿಸಿ ವಾಪಸ್ ತುಂಬಿದರೆ, ತಡೆದು ನಿಲ್ಲಿಸಿದ ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತೆ? ಬರೀ ಟೆಸ್ಟ್ ಮಾಡಿ ತೃಪ್ತಿಪಡದೆ, ಎಲ್ಲ ಸಂದರ್ಭಕ್ಕೂ ಸರಿ ಅಂತ ತರ್ಕದಿಂದ ಮನವರಿಕೆ ಮಾಡಿಕೊಂಡರು. 1959ರಲ್ಲಿ ಅವರಿಗೆ ಪಿಎಚ್‌ಡಿ ಸಿಕ್ಕಿದ್ದು ಎಕ್ಸ್1ಗಾಗಿ ಮಾಡಿದ ಈ ಕೆಲಸಕ್ಕೇ.

ಈಗ ಉಳಿಸೋ ಕೆಲಸ ಕಂಪೈಲರ್‌ದು. ನಾವು ತಿರುಗಿಯೂ ನೋಡಲ್ಲ. 16 ಮೆಗಾಹರ್ಟ್ಸ್‌ನ ಎಟಿಮೆಗಾ328ಪಿ ತಗೊಳ್ಳಿ. ಹ್ಯಾಂಡ್ಲರ್ ಒಳಗಿಂದ ಬೇರೆ ಫೈಲಿನ ಫಂಕ್ಷನ್ ಒಂದನ್ನು ಕರೆದಿರಿ ಅನ್ನಿ. ಅದು ಯಾವ ರಿಜಿಸ್ಟರ್ ಮುಟ್ಟುತ್ತೋ ಜಿಸಿಸಿಗೆ ಗೊತ್ತಿಲ್ಲ. ಹಾಗಾಗಿ ಮಾಮೂಲಿನದರ ಜೊತೆಗೆ ಇನ್ನೂ 12 ರಿಜಿಸ್ಟರ್‌ಗಳನ್ನು ಸ್ಟ್ಯಾಕಿಗೆ ತಳ್ಳುತ್ತೆ. ಪುಶ್‌ಗೆ 2 ಸೈಕಲ್, ಪಾಪ್‌ಗೆ 2. ಒಟ್ಟು 48 ಸೈಕಲ್, ಅಂದರೆ 3 ಮೈಕ್ರೋಸೆಕೆಂಡ್, ಬರೀ ಗಂಟುಮೂಟೆ ಕಟ್ಟಿ ಬಿಚ್ಚೋದಕ್ಕೆ!

ಇದನ್ನು ಇಳಿಸಬೇಕಾದರೆ ಹ್ಯಾಂಡ್ಲರ್‌ನಲ್ಲಿ ಫ್ಲಾಗ್ ಮಾತ್ರ ಎತ್ತಿ ಉಳಿದದ್ದನ್ನು ಮೇನ್ ಲೂಪಿಗೆ ಬಿಡಬೇಕು. ಬೇಕೇ ಬೇಕಾದ ಚಿಕ್ಕ ಫಂಕ್ಷನ್ ಇದ್ದರೆ ಇನ್‌ಲೈನ್ ಮಾಡಬೇಕು. ಸೈಕಲ್ ಆಸೆಗೆ ನೇಕೆಡ್ ಅಂತ ಹಾಕಿ ಸ್ಟೇಟಸ್ ರಿಜಿಸ್ಟರ್ ಉಳಿಸೋದನ್ನೇ ಬಿಟ್ಟರೆ? ಮೇನ್ ಪ್ರೋಗ್ರಾಂ ಎರಡು ಸಂಖ್ಯೆ ಹೋಲಿಸಿ, ಬ್ರಾಂಚ್ ಆಗೋ ಮುಂಚೆ ಇಂಟರಪ್ಟ್ ಬಂದಾಗ ಮಾತ್ರ ದಾರಿ ತಪ್ಪಬಹುದು. ಲ್ಯಾಬಿನಲ್ಲಿ ಸರಿ, ಡೆಮೊ ದಿನ ಕೈಕೊಡುತ್ತೆ. ಡೈಕ್‌ಸ್ಟ್ರಾ ಹೆದರಿದ್ದು ಇಂಥ ಬಗ್‌ಗೇ.

1960ರಲ್ಲಿ ಝೊನ್ನೆವೆಲ್ಡ್ ಜೊತೆ ಸೇರಿ ಅದೇ ಎಕ್ಸ್1ಗೆ ಆಲ್ಗಾಲ್ 60 ಕಂಪೈಲರ್ ಬರೆದರು. ಓಎಸ್ ಕ್ಲಾಸಿನ ಸೆಮಾಫೋರ್ ಕೂಡ ಅವರದೇ. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರ ಆಗಸ್ಟ್ 6ರಂದು ನ್ಯೂನೆನ್‌ನಲ್ಲಿ ತೀರಿಕೊಂಡರು.

ಮುಂದಿನ ಲ್ಯಾಬಿನಲ್ಲಿ ಡಿಸ್‌ಅಸೆಂಬ್ಲಿ ತೆಗೆದು, ನಮ್ಮ ಹ್ಯಾಂಡ್ಲರ್‌ನಲ್ಲಿ ಎಷ್ಟು ಪುಶ್ ಇವೆ ಅಂತ ಒಮ್ಮೆ ಎಣಿಸೋಣ, ಆಯ್ತಾ?