ಠರಾವು, ರೂಢಿ ಮತ್ತು ಕೆರೆಯ ನೀರು: ಅಂಬೇಡ್ಕರ್ ಬದುಕಿನಲ್ಲಿ ಸ್ಥಳೀಯ ಸಂಸ್ಥೆಗಳು

ಡಾ. ಬಿ. ಆರ್. ಅಂಬೇಡ್ಕರ್ ಅವರ ಜೀವನಚರಿತ್ರೆಯನ್ನು ಸಾಮಾನ್ಯವಾಗಿ ಪೂನಾ ಒಪ್ಪಂದ, ಸಂವಿಧಾನ ರಚನೆ ಮತ್ತು ಬೌದ್ಧಧರ್ಮ ಸ್ವೀಕಾರಗಳ ಸುತ್ತ ಕಟ್ಟಲಾಗುತ್ತದೆ. ಪುರಸಭೆ, ಲೋಕಲ್ ಬೋರ್ಡು, ಗ್ರಾಮ ಪಂಚಾಯಿತಿಗಳಂತಹ ಸಣ್ಣ ಆಡಳಿತ ಘಟಕಗಳೊಡನೆ ಅವರು ನಡೆಸಿದ ದೀರ್ಘ ಸೆಣಸಾಟಕ್ಕೆ ಈ ಕಥನಗಳಲ್ಲಿ ದೊರೆತ ಸ್ಥಾನ ಕಡಿಮೆ. ಊರಿನ ಕೆರೆ, ಬಾವಿ, ರಸ್ತೆ, ಧರ್ಮಛತ್ರಗಳ ಬಳಕೆಯನ್ನು ನಿಯಂತ್ರಿಸುವುದು ಈ ಸಂಸ್ಥೆಗಳ ಠರಾವು ಮತ್ತು ಉಪವಿಧಿಗಳು. ಅವುಗಳ ಪಕ್ಕದಲ್ಲಿಯೇ ಜಾತಿಯ ರೂಢಿಯೆಂಬ ಬರೆಯದ ನಿಯಮಾವಳಿಯೂ ಚಲಾವಣೆಯಲ್ಲಿರುತ್ತದೆ. ಈ ಎರಡರ ನಡುವಣ ಸಂಘರ್ಷದ ಹಿನ್ನೆಲೆಯಲ್ಲಿ ಅಂಬೇಡ್ಕರ್ ಅವರ ಬದುಕನ್ನು ನೋಡಿದಾಗ ಸಂವಿಧಾನದ ಕೆಲವು ವಿಧಿಗಳ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ.

1891ರ ಏಪ್ರಿಲ್ 14ರಂದು ಮಹೂ ಸೈನಿಕ ನೆಲೆಯಲ್ಲಿ ಜನಿಸಿದ ಅಂಬೇಡ್ಕರ್ ಅವರ ಬಾಲ್ಯದ ಒಂದು ಭಾಗ ಸಾತಾರದಲ್ಲಿ ಕಳೆಯಿತು. ಅಲ್ಲಿನ ಶಾಲೆಯಲ್ಲಿ ಅವರು ನಲ್ಲಿಯನ್ನು ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ನೀರು ದೊರೆಯುತ್ತಿತ್ತು. ಶಾಲೆಗೆ ಪ್ರವೇಶ ದೊರೆತಿದ್ದರೂ ಶಾಲೆಯ ನೀರಿಗೆ ಪ್ರವೇಶವಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಅರ್ಥಶಾಸ್ತ್ರ ಶಾಲೆಯಲ್ಲಿ ವ್ಯಾಸಂಗ ಮಾಡಿ, ಬ್ಯಾರಿಸ್ಟರ್ ಪದವಿ ಪಡೆದು 1923ರಲ್ಲಿ ಅವರು ಮುಂಬಯಿಗೆ ಮರಳಿದರು.

ಅದೇ ವರ್ಷ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತು ಎಸ್. ಕೆ. ಬೋಲೆ ಅವರು ಮಂಡಿಸಿದ ಠರಾವನ್ನು ಅಂಗೀಕರಿಸಿತು. ಸಾರ್ವಜನಿಕ ಹಣದಿಂದ ನಿರ್ಮಿತವಾದ ಅಥವಾ ನಿರ್ವಹಿಸಲ್ಪಡುವ ಕೆರೆ, ಬಾವಿ, ಧರ್ಮಛತ್ರಗಳನ್ನೂ ಶಾಲೆ, ಕಚೇರಿ, ಔಷಧಾಲಯಗಳನ್ನೂ ಬಳಸಲು ಅಸ್ಪೃಶ್ಯರಿಗೆ ಅವಕಾಶವಿರಬೇಕೆಂಬುದು ಅದರ ತಿರುಳು. ಬೆಳಗಾವಿ, ಧಾರವಾಡ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಕನ್ನಡ ನಾಡಿನ ಒಂದು ಭಾಗಕ್ಕೂ ಈ ಠರಾವು ಅನ್ವಯಿಸುತ್ತಿತ್ತು. ಆದರೆ ಅದರ ಅನುಷ್ಠಾನ ಸ್ಥಳೀಯ ಸಂಸ್ಥೆಗಳ ಕೈಯಲ್ಲಿತ್ತು. ಬಹುತೇಕ ಸಂಸ್ಥೆಗಳು ಮೌನ ವಹಿಸಿದವು. ಠರಾವನ್ನು ಜಾರಿಗೆ ತರದ ಸಂಸ್ಥೆಗಳಿಗೆ ಸರ್ಕಾರಿ ಅನುದಾನವನ್ನು ನಿಲ್ಲಿಸಬೇಕೆಂದು ಬೋಲೆಯವರು 1926ರಲ್ಲಿ ಮತ್ತೊಂದು ಠರಾವು ತರಬೇಕಾಯಿತು.

ಕೊಲಾಬಾ ಜಿಲ್ಲೆಯ ಮಹಾಡ್ ಪುರಸಭೆ ಇದಕ್ಕೆ ಅಪವಾದವಾಗಿತ್ತು. ಸುರೇಂದ್ರನಾಥ ಟಿಪ್ನಿಸ್ ಅವರಂತಹ ಸುಧಾರಕರಿದ್ದ ಆ ಊರಿನ ಪುರಸಭೆ, ಚವದಾರ ಕೆರೆಯನ್ನು ಅಸ್ಪೃಶ್ಯರು ಬಳಸಲು ತನ್ನ ಆಕ್ಷೇಪವಿಲ್ಲವೆಂದು 1924ರ ಜನವರಿಯಲ್ಲಿ ಠರಾವು ಮಾಡಿತು. ಆದರೆ ಮುಂದಿನ ಮೂರು ವರ್ಷಗಳ ಕಾಲ ಅದು ಕಡತದಲ್ಲಿಯೇ ಉಳಿಯಿತು. ಕೆರೆಯ ಸುತ್ತಲೂ ಸವರ್ಣೀಯರ ಮನೆಗಳಿದ್ದವು. ಮುಸ್ಲಿಮರು ನೀರು ತುಂಬಿಕೊಳ್ಳುತ್ತಿದ್ದ ಕೆರೆಗೆ ಅಸ್ಪೃಶ್ಯರು ಮಾತ್ರ ಇಳಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಮ್ಮೇಳನದ ಪ್ರತಿನಿಧಿಗಳೊಡನೆ ಮೆರವಣಿಗೆಯಲ್ಲಿ ಸಾಗಿ ಆ ಕೆರೆಯ ನೀರನ್ನು ಕುಡಿದರು. ಪುರಸಭೆಯ ಠರಾವು ಕಾರ್ಯರೂಪಕ್ಕೆ ಬಂದದ್ದು ಆ ದಿನ.

ರೂಢಿಯ ಪ್ರತಿಕ್ರಿಯೆ ತಡವಾಗಲಿಲ್ಲ. ದೇವಾಲಯ ಪ್ರವೇಶವೂ ನಡೆಯಲಿದೆಯೆಂಬ ವದಂತಿ ಹಬ್ಬಿ ಪ್ರತಿನಿಧಿಗಳ ಮೇಲೆ ಹಲ್ಲೆ ನಡೆಯಿತು. ಬಳಿಕ ಪಂಚಗವ್ಯದಿಂದ ಕೆರೆಯನ್ನು ಶುದ್ಧೀಕರಿಸಲಾಯಿತು. 1927ರ ಆಗಸ್ಟ್ 4ರಂದು, ಅಂದರೆ ಬೋಲೆ ಠರಾವಿಗೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಮಹಾಡ್ ಪುರಸಭೆ ತನ್ನ ಹಿಂದಿನ ಠರಾವನ್ನು ರದ್ದುಗೊಳಿಸಿತು. ಬಹುಮತದಿಂದ ದೊರೆತ ಹಕ್ಕು ಬಹುಮತದಿಂದಲೇ ಮರಳಿ ಹೋಯಿತು. ಡಿಸೆಂಬರಿನಲ್ಲಿ ಎರಡನೆಯ ಸಮ್ಮೇಳನ ನಡೆಯುವ ಹೊತ್ತಿಗೆ ಸವರ್ಣೀಯರು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಡಲಾಯಿತು. ಆದರೆ ಅಂಬೇಡ್ಕರ್ ನ್ಯಾಯಾಲಯದ ಆಜ್ಞೆಯನ್ನು ಮೀರದೆ ಕೆರೆಯ ಸತ್ಯಾಗ್ರಹವನ್ನು ಮುಂದೂಡಿದರು. ರೂಢಿಯ ಗ್ರಂಥವನ್ನು ಧಿಕ್ಕರಿಸಿ ಕಾನೂನಿನ ಆಜ್ಞೆಯನ್ನು ಪಾಲಿಸಿದ ಈ ನಡೆಯಲ್ಲಿ ಅವರ ಮುಂದಿನ ರಾಜಕಾರಣದ ದಿಕ್ಕನ್ನು ಗುರುತಿಸಬಹುದು.

ವ್ಯಾಜ್ಯ ಹತ್ತು ವರ್ಷ ನಡೆಯಿತು. ಕೆರೆ ಖಾಸಗಿ ಆಸ್ತಿಯೆಂಬ ವಾದ ನಿಲ್ಲಲಿಲ್ಲ; ಅದು ಪುರಸಭೆಗೆ ಸೇರಿದ್ದೆಂದು ಕೆಳ ನ್ಯಾಯಾಲಯಗಳು ಕಂಡುಕೊಂಡವು. ಅನಾದಿಕಾಲದ ರೂಢಿಯೊಂದೇ ಪ್ರತಿಪಕ್ಷದ ಕೊನೆಯ ಆಸರೆಯಾಯಿತು. ಅಂತಹ ರೂಢಿ ರುಜುವಾತಾಗಿಲ್ಲವೆಂದು ಮುಂಬಯಿ ಉಚ್ಚ ನ್ಯಾಯಾಲಯ 1937ರ ಮಾರ್ಚ್ 17ರಂದು ತೀರ್ಪಿತ್ತಿತು. ಗೆಲುವು ದೊರೆತರೂ ಒಂದು ಪ್ರಶ್ನೆ ಉಳಿಯಿತು: ರೂಢಿ ರುಜುವಾತಾಗಿದ್ದರೆ ಕೆರೆಯ ನೀರು ಯಾರದಾಗುತ್ತಿತ್ತು?

ಈ ನಡುವೆ 1932ರಲ್ಲಿ ಗ್ರಾಮ ಪಂಚಾಯಿತಿ ಮಸೂದೆ ಶಾಸನ ಪರಿಷತ್ತಿನ ಮುಂದೆ ಬಂದಾಗ, ಜಾತಿಯಿಂದ ಒಡೆದ ಹಳ್ಳಿಯಲ್ಲಿ ದಲಿತರಿಗೆ ಮೀಸಲು ಸ್ಥಾನಗಳಿಲ್ಲದ ಪಂಚಾಯಿತಿಗೆ ಅಧಿಕಾರ ನೀಡುವುದನ್ನು ಅಂಬೇಡ್ಕರ್ ವಿರೋಧಿಸಿದರು. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುವಾಗ ಹಳ್ಳಿಯನ್ನು ಕುರಿತು ಅವರು ಮಾಡಿದ ಕಟುಟೀಕೆಯನ್ನು ಕೇವಲ ಗಾಂಧೀವಿರೋಧವೆಂದು ಓದುವುದು ವಾಡಿಕೆ. ಮಹಾಡಿನ ಅನುಭವ ಆ ಮಾತುಗಳ ಹಿಂದಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಆದರೂ ಗ್ರಾಮ ಪಂಚಾಯಿತಿಗಳನ್ನು ಕುರಿತ ಕೆ. ಸಂತಾನಂ ಅವರ ತಿದ್ದುಪಡಿಯನ್ನು ಅದೇ ತಿಂಗಳು ಅವರು ಒಪ್ಪಿಕೊಂಡರು. ಅದು 40ನೆಯ ವಿಧಿಯಾಯಿತು.

ಅವರ ಅಧ್ಯಕ್ಷತೆಯ ಕರಡು ಸಮಿತಿ ರೂಪಿಸಿದ ಸಂವಿಧಾನದ 12ನೆಯ ವಿಧಿ ಸ್ಥಳೀಯ ಪ್ರಾಧಿಕಾರಗಳನ್ನೂ 'ರಾಜ್ಯ'ವೆಂದು ಪರಿಗಣಿಸುತ್ತದೆ. 13ನೆಯ ವಿಧಿ ಉಪವಿಧಿಯನ್ನೂ ಕಾನೂನಿನ ಬಲವುಳ್ಳ ರೂಢಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದರೆ ಎರಡೂ ಅಸಿಂಧುವೆನ್ನುತ್ತದೆ. 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನು ಹೆಸರಿಸಿ ಅಲ್ಲಿನ ಭೇದವನ್ನು ನಿಷೇಧಿಸುತ್ತದೆ. ಹೀಗೆ ಪುರಸಭೆಯ ಬಹುಮತಕ್ಕೆ ನಿಲುಕದ ಎತ್ತರದಲ್ಲಿ ಕೆರೆಯ ಹಕ್ಕು ನೆಲೆಗೊಂಡಿತು. 1937ರ ತೀರ್ಪು ಉಳಿಸಿದ್ದ ಪ್ರಶ್ನೆಗೂ ಉತ್ತರ ದೊರೆಯಿತು.

1956ರ ಡಿಸೆಂಬರ್ 6ರಂದು ಅಂಬೇಡ್ಕರ್ ನಿಧನರಾದರು. 1932ರಲ್ಲಿ ಅವರು ಕೇಳಿದ್ದ ಮೀಸಲು ಸ್ಥಾನಗಳು ಪಂಚಾಯಿತಿ ಹಾಗೂ ನಗರಸಭೆಗಳಿಗೆ ಸಂವಿಧಾನಬದ್ಧವಾಗಿ ದೊರೆತದ್ದು 1992ರ 73 ಮತ್ತು 74ನೆಯ ತಿದ್ದುಪಡಿಗಳ ಮೂಲಕ, 1993ರಲ್ಲಿ ಅವು ಜಾರಿಗೆ ಬಂದಾಗ. ಠರಾವೊಂದು ಕಡತದಿಂದ ಕೆರೆಯ ಮೆಟ್ಟಿಲಿಗೆ ತಲುಪಬೇಕಾದ ದೂರವನ್ನು ಅಳೆಯಲು ಮಹಾಡಿನ ಆ ಮೂರು ವರ್ಷಗಳ ಮೌನ ಇಂದಿಗೂ ಒಂದು ಮಾನದಂಡವಾಗಿದೆ.